ಸದಾರಮೆಯ ಕಳ್ಳ ಮತ್ತು ನನ್ನ ಮೂರು ಮನೆ ಶ್ರುತಿ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಹಾಡಿನ ಗುಂಪಿನಿಂದ ನನ್ನನ್ನು ತೆಗೆದರು. ಹುಡುಗಿಯರೆಲ್ಲ ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದ್ದರು. ಮನೆ ಅಂದರೆ ಹಾರ್ಮೋನಿಯಂನ ಕೀ, ಅಂಕಿ ಹೆಚ್ಚಾದಷ್ಟೂ ಶ್ರುತಿ ಮೇಲೆ. ನನಗೆ ಮೇಲಿನ ಸ್ಥಾಯಿಗೆ ಹೋದ ಕೂಡಲೇ ದನಿ ಒಡೆಯುತ್ತಿತ್ತು. ಹಾಡು ಹೇಳಿಕೊಡುತ್ತಿದ್ದವರು ಎಲ್ಲರ ಮುಂದೆ "ನಿಂದು ಗಂಡು ದನಿ, ನೀನು ತಾಳ ಹಾಕು ಸಾಕು" ಅಂದರು. ಆವತ್ತು ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಿದ್ದು ಇನ್ನೂ ನೆನಪಿದೆ.

ನಮ್ಮ ದೊಡ್ಡಪ್ಪ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ತುಮಕೂರು, ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಊರಿನವರು ಸೇರಿ, ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈನಿಕನಿಗೆ ಇಷ್ಟು ಅಂತ ಪಾತ್ರಕ್ಕೆ ದುಡ್ಡು ಕಟ್ಟಿ, ಮೇಷ್ಟ್ರನ್ನು ಕರೆಸಿಕೊಂಡು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿತು, ಕೊನೆಗೆ ಬಾಡಿಗೆ ಸೀನರಿ ಹಾಕಿಸಿ ಬೆಳಗಿನ ಜಾವದವರೆಗೂ ಆಡುತ್ತಾರೆ. ಹಗಲು ರಾಗಿ ಹೊಲದಲ್ಲಿ ದುಡಿಯುವವರು ರಾತ್ರಿ ರಾಗ ಎಳೆದು ಪದ್ಯ ಹೇಳುತ್ತಾರೆ. ಅವರ ಗಂಟಲು ಎಂಥದ್ದು, ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಶ್ರುತಿ ಹಿಡಿಯೋದೇ ದೊಡ್ಡಪ್ಪನ ಮೊದಲ ಕೆಲಸ.

ನಾನು ಅಳುತ್ತಿದ್ದದ್ದು ಯಾಕೆ ಅಂತ ಕೇಳಿ ಅವರು ಅಂದದ್ದು ಒಂದೇ ಮಾತು. "ಶ್ರುತಿ ಇಳಿಸೋದು ಬಿಟ್ಟು ಮಗೀನ ಇಳಿಸಿದ್ರಾ?"

ಆಮೇಲೆ ಪೆಟ್ಟಿಗೆ ತೆಗೆದು ತಿದಿ ಒತ್ತಿ ನನ್ನ ಕೈಲಿ ಹಾಡಿಸಿದರು. ಐದು ಮನೆ, ನಾಲ್ಕು ಮನೆ, ಹಾಗೇ ಇಳಿಸುತ್ತಾ ಬಂದರು. ಮೂರಕ್ಕೆ ಬಂದಾಗ ನನ್ನ ದನಿ ಎಳೆದಾಡದೆ, ಒಡೆಯದೆ, ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ "ಸ" ಸ್ವರಕ್ಕೆ, ಹೋಗಿ ನಿಂತುಬಿಟ್ಟಿತು. "ಇದು ಕಣಮ್ಮ ನಿನ್ನ ಮನೆ. ಇಲ್ಲಿರು" ಅಂದರು.

ಅದಾಗಿ ಕೆಲವು ತಿಂಗಳಿಗೆ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ರವೀಂದ್ರ ಕಲಾಕ್ಷೇತ್ರದಲ್ಲಿ "ಸದಾರಮೆ" ಅನ್ನೋ ಹಳೆಯ ಕಂಪನಿ ನಾಟಕ ಇತ್ತು. ನಾಟಕ ಅರ್ಧ ಆದ ಮೇಲೆ ಕಳ್ಳ ಬಂದ. ಬಂದ ಅನ್ನೋದಕ್ಕಿಂತ ಮೊದಲು ಅವನ ದನಿ ಬಂತು ಅನ್ನಬೇಕು. ದಪ್ಪ ದನಿ, ಸ್ವಲ್ಪ ಒರಟು, ಅದರೊಳಗೇ ಒಂದು ನಗು. ಅವನು ಹಾಡುತ್ತಾ ಓಡಾಡುತ್ತಿದ್ದ, ಕೂರುತ್ತಿದ್ದ, ಏಳುತ್ತಿದ್ದ, ಮಧ್ಯೆ ಜನರ ಕಡೆ ತಿರುಗಿ ಒಂದು ಮಾತಾಡಿ ಮತ್ತೆ ಅದೇ ಶ್ರುತಿಗೆ ಬಂದು ಕೂರುತ್ತಿದ್ದ. ಇಡೀ ಹಾಲ್ ಅವನ ಕೈಯಲ್ಲಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ದೊಡ್ಡಪ್ಪ ಕಿವಿಯ ಹತ್ತಿರ ಬಂದು ಹೇಳಿದರು: "ಅದು ಹೆಂಗಸು ಕಣಮ್ಮ. ಜಯಶ್ರೀ ಅಂತ. ವೀರಣ್ಣೋರ ಮೊಮ್ಮಗಳು."

ಇಷ್ಟು ವರ್ಷ ಆದರೂ ಆ ಕ್ಷಣ ನನ್ನೊಳಗೆ ಹಾಗೇ ಇದೆ. ರಂಗನಟಿ, ಹಾಡುಗಾರ್ತಿ ಬಿ. ಜಯಶ್ರೀ ಅವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅವರ ಬಗ್ಗೆ ಬರೆಯೋವಾಗ ಎಲ್ಲರೂ ಪ್ರಶಸ್ತಿಗಳಿಂದ ಶುರು ಮಾಡುತ್ತಾರೆ. ನನಗೆ ಹೇಳಬೇಕಾಗಿರೋದು ಆ ದನಿಯ ಬಗ್ಗೆ. ಅದು ಎಲ್ಲಿಂದ ಬಂತು, ಅದನ್ನು ಇಟ್ಟುಕೊಂಡು ಅವರು ಏನೇನು ಕೆಲಸ ಮಾಡಿದರು ಅನ್ನೋದರ ಬಗ್ಗೆ.

ಅವರು ಹುಟ್ಟಿದ್ದು 1950ರಲ್ಲಿ. ತಾಯಿ ಜಿ. ವಿ. ಮಾಲತಮ್ಮ, ಗುಬ್ಬಿ ವೀರಣ್ಣನವರ ಮಗಳು, ತಾವೂ ರಂಗನಟಿ. ಚಿಕ್ಕ ಮಗುವಾಗಿದ್ದಾಗಲೇ ತಾತನ ಕಂಪನಿಯ ರಂಗ ಹತ್ತಿದವರು ಜಯಶ್ರೀ. ಈ ತಾತನ ಕಂಪನಿ ಅಂದರೆ ಏನು ಅಂತ ಈಗಿನ ಹುಡುಗರಿಗೆ ಸ್ವಲ್ಪ ಹೇಳಬೇಕು. ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಶುರುವಾಗಿದ್ದು 1884ರಲ್ಲಿ, ನಮ್ಮ ಗುಬ್ಬಿಯಲ್ಲೇ. ಪುಟ್ಟ ಹುಡುಗನಾಗಿ ಅದಕ್ಕೆ ಸೇರಿದ ವೀರಣ್ಣ ಮುಂದೆ ಅದರ ಯಜಮಾನರಾದರು. 1934ರಲ್ಲಿ ಅವರು ಆಡಿಸಿದ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬರುತ್ತಿದ್ದವು. ನಮ್ಮ ಕಡೆ ಇವತ್ತಿಗೂ ಅಜ್ಜಂದಿರು ಆ ಆನೆಗಳ ವಿಷಯ ಮಾತಾಡುತ್ತಾರೆ, ನೋಡಿದವರೂ ಮಾತಾಡುತ್ತಾರೆ, ನೋಡದವರೂ ಮಾತಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದ ಕಂಪನಿ ಅದು. ಬಿ. ಜಯಮ್ಮನಂಥ ಹಾಡುವ ನಟಿ ಅಲ್ಲಿದ್ದರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ಅಲ್ಲಿದ್ದರು, ರಾಜ್‌ಕುಮಾರ್ ಕೂಡ ಅಲ್ಲಿಂದಲೇ ಬಂದವರು. ರಾಜ್‌ಕುಮಾರ್ ಹಾಡಿದ ಹಾಡಿನಲ್ಲಿ ಒಂದಕ್ಷರವೂ ಕಳೆದುಹೋಗೋದಿಲ್ಲ, ಗಮನಿಸಿದ್ದೀರಾ? ಅದು ಕಂಪನಿ ಮನೆಯಲ್ಲಿ ಕಲಿತ ಅಕ್ಷರ ಶುದ್ಧಿ ಅಂತ ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದರು, ನಾನೂ ಅದನ್ನು ನಂಬುತ್ತೇನೆ.

ಕಂಪನಿ ನಾಟಕದ ನಟ ಅಂದರೆ ಹಾಡುಗಾರ ಅಂತಲೇ ಅರ್ಥ. ಹಾಡೋಕೆ ಬರದವನಿಗೆ ನಾಯಕನ ಪಾತ್ರ ಸಿಗುತ್ತಿರಲಿಲ್ಲ. ಮೈಕ್ ಬರೋದಕ್ಕೆ ಮುಂಚಿನ ಕಾಲ. ರಂಗದ ಮುಂದೆ ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ, ಪಕ್ಕದಲ್ಲಿ ತಬಲ. ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಕೇಳಿಸಬೇಕು. ಅವನು ಬರೀ ರಾಗ ಕೇಳೋಕೆ ಬಂದಿಲ್ಲ, ಕತೆ ಕೇಳೋಕೆ ಬಂದಿದ್ದಾನೆ. ಹಾಗಾಗಿ ಅಕ್ಷರ ಮೊದಲು, ರಾಗ ಆಮೇಲೆ. ಜನ "ಒನ್ಸ್ ಮೋರ್" ಅಂದರೆ ಮತ್ತೆ ಹಾಡಬೇಕು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸಾಯೋ ಕತೆಗಳನ್ನು ನೀವೂ ಕೇಳಿರುತ್ತೀರಿ. ಪಾರ್ಸಿ ಕಂಪನಿಗಳಿಂದ, ಮರಾಠಿ ನಾಟಕಗಳಿಂದ ಬಂದ ಮಟ್ಟುಗಳಿಗೆ ಕನ್ನಡದ ಮಾತು ಕೂರಿಸಿ, ಅದಕ್ಕೆ ನಮ್ಮ ಕಂದ ಪದ್ಯ, ಸೀಸ ಪದ್ಯ ಎಲ್ಲ ಸೇರಿಸಿ ಒಂದು ಹೊಸ ಥರದ ಹಾಡೇ ಹುಟ್ಟಿಕೊಂಡಿತು. ನಾವು ರಂಗಗೀತೆ ಅನ್ನೋದು ಅದನ್ನೇ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಹಾಡು ಬಲ್ಲವರೂ ಇದನ್ನು ತಪ್ಪಾಗಿ ತಿಳಿದುಕೊಂಡಿದ್ದಾರೆ. ಕಚೇರಿಯಲ್ಲಿ ಹಾಡುವವರು ಕೂತಿರುತ್ತಾರೆ. ಶ್ರುತಿ ಕಿವಿಯ ಪಕ್ಕದಲ್ಲೇ ಇರುತ್ತದೆ. ಸೀರೆ ಸರಿಮಾಡಿಕೊಂಡು, ನೀರು ಕುಡಿದು, ಉಸಿರು ಹಿಡಿದು ಶುರು ಮಾಡಬಹುದು. ನಾಟಕದಲ್ಲಿ ಹಾಡು ಮಾತಿನಿಂದ ಹುಟ್ಟಬೇಕು. ಈಗಷ್ಟೇ ಎದುರಿನ ಪಾತ್ರದ ಜೊತೆ ಜಗಳ ಆಡಿ ಏದುಸಿರು ಬಿಡುತ್ತಿರುವವಳು ಅದೇ ಉಸಿರಿನಲ್ಲಿ ಹಾಡಿಗೆ ಇಳಿಯಬೇಕು. ದೊಡ್ಡಪ್ಪ ಇದಕ್ಕೆ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಹಾಡಿನ ಹಿಂದಿನ ಮಾತಿನ ಕೊನೆಯ ಪದವನ್ನು ಶ್ರುತಿಯಲ್ಲೇ ಹೇಳಬೇಕು. ಕೇಳುವವರಿಗೆ ಅದು ಮಾತೇ, ಹೇಳುವವಳಿಗೆ ಅದು ಷಡ್ಜ. ಅಲ್ಲಿ ಕಾಲಿಟ್ಟರೆ ಹಾಡಿಗೆ ಹತ್ತೋಕೆ ಮೆಟ್ಟಿಲು ಸಿಕ್ಕಂತೆ. ಹಾಡಿನ ಮಧ್ಯೆ ಓಡಬೇಕಾದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಮೊದಲೇ ಗೊತ್ತಿರಬೇಕು, ಅದು ಸಾಲಿನ ಅರ್ಥ ಮುರಿಯದ ಜಾಗದಲ್ಲೇ ಇರಬೇಕು. ಇನ್ನೂ ಕಷ್ಟದ್ದು ಅಂದರೆ ಪಾತ್ರದ ದನಿಯಲ್ಲಿ ಹಾಡೋದು. ಮುದುಕಿಯ ಪಾತ್ರ ಮಾಡುವವಳು ಮುದುಕಿಯಂತೆ ಮಾತಾಡಿ, ಹಾಡು ಬಂದ ಕೂಡಲೇ ಹದಿನೆಂಟರ ಹುಡುಗಿಯ ದನಿಯಲ್ಲಿ ಹಾಡಿದರೆ ಪಾತ್ರ ಅಲ್ಲೇ ಸತ್ತುಹೋಗುತ್ತದೆ.

ಇದೆಲ್ಲ ಬರೀ ಇಂಪಾದ ದನಿ ಇದ್ದರೆ ಆಗೋ ಕೆಲಸ ಅಲ್ಲ. ಜಯಶ್ರೀ ಅವರ ದನಿಯಲ್ಲಿ ಮಣ್ಣು ಇದೆ, ಗದರಿಕೆ ಇದೆ, ಸಂತೆಯಲ್ಲಿ ಕೂಗಿ ಕರೆಯುವ ಹೆಂಗಸಿನ ಗಟ್ಟಿತನ ಇದೆ. ಅದೇ ದನಿ ತಗ್ಗಿದಾಗ ತೊಟ್ಟಿಲು ತೂಗುವವಳ ದನಿ ಆಗುತ್ತದೆ. ಅವರು ಹಾಡುವಾಗ ಯಾವ ಊರಿನ, ಯಾವ ವಯಸ್ಸಿನ, ಯಾವ ಮನಸ್ಸಿನ ಹೆಂಗಸು ಹಾಡುತ್ತಿದ್ದಾಳೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು.

ಕಂಪನಿ ನಾಟಕದ ಒಳ್ಳೆಯ ದಿನಗಳು ಅವರು ದೊಡ್ಡವರಾಗುವ ಹೊತ್ತಿಗೆ ಮುಗಿಯುತ್ತಾ ಬಂದಿದ್ದವು. ಸಿನಿಮಾ ಬಂದಿತ್ತು, ನಟರೂ ಆ ಕಡೆ ಹೋಗಿದ್ದರು, ಜನರೂ ಹೋಗಿದ್ದರು. ಜಯಶ್ರೀ ಡೆಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. ಆಗ ಅಲ್ಲಿ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು. ಕಲಿತು ಮುಗಿಸಿದ್ದು 1973ರಲ್ಲಿ. ಅವರು ಅಲ್ಲಿ ಓದುತ್ತಿದ್ದ ಕಾಲದಲ್ಲೇ, 1972ರಲ್ಲಿ, ಇಲ್ಲಿ ತಾತ ತೀರಿಕೊಂಡರು.

ಕಂಪನಿಯಲ್ಲಿ ಹುಟ್ಟಿ ಬೆಳೆದ ಹುಡುಗಿ ನಾಟಕ ಶಾಲೆಗೆ ಹೋಗೋದು ಆ ಕಾಲಕ್ಕೆ ಸಣ್ಣ ವಿಷಯ ಆಗಿರಲಿಲ್ಲ. ನಾಟಕ ಶಾಲೆಯಿಂದ ಬಂದವರು ಕಂಪನಿ ನಾಟಕವನ್ನು ಕೀಳಾಗಿ ನೋಡುತ್ತಿದ್ದರು, ಕಂಪನಿಯವರಿಗೆ ಹವ್ಯಾಸಿಗಳ ನಾಟಕ ಸಪ್ಪೆ ಅನ್ನಿಸುತ್ತಿತ್ತು. ಈ ಎರಡು ಮನೆಗಳಲ್ಲೂ ಸ್ವಂತದವರಾಗಿ ಓಡಾಡಿದವರು ಬಹಳ ಕಡಿಮೆ. ಒಬ್ಬರು ಬಿ. ವಿ. ಕಾರಂತರು. ಇನ್ನೊಬ್ಬರು ಜಯಶ್ರೀ.

ಕಾರಂತರ ಕತೆ ಇಲ್ಲಿ ಬರಲೇಬೇಕು. ದಕ್ಷಿಣ ಕನ್ನಡದ ಮಂಚಿಯ ಆ ಹುಡುಗ ಮನೆ ಬಿಟ್ಟು ಓಡಿ ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನೇ. ಹುಡುಗನ ಕಲಿಯುವ ಹಸಿವು ನೋಡಿ ಅವನನ್ನು ಕಾಶಿಗೆ ಕಳಿಸಿದವರು ವೀರಣ್ಣನವರೇ. ಕಾರಂತರು ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತರು, ಆಮೇಲೆ ನಾಟಕ ಶಾಲೆ ಮುಗಿಸಿ ಬಂದು ಕನ್ನಡ ನಾಟಕದ ಹಾಡಿನ ದಿಕ್ಕನ್ನೇ ಬದಲಾಯಿಸಿದರು. ಕಂಪನಿ ನಾಟಕದಲ್ಲಿ ಹಾಡು ಬಂದರೆ ನಾಟಕ ನಿಂತು ದಾರಿ ಬಿಡುತ್ತಿತ್ತು. ಕಾರಂತರು ಹಾಡನ್ನು ನಾಟಕದ ಜೊತೆಯಲ್ಲೇ ನಡೆಯುವಂತೆ ಮಾಡಿದರು. ಹಾಡು ಸಣ್ಣದಾಯಿತು, ಮಾತಿಗೆ ಹತ್ತಿರ ಆಯಿತು, ಕೋರಸ್ ಬಂತು, ಸಿಕ್ಕ ಸಿಕ್ಕ ಸಾಮಾನೆಲ್ಲ ವಾದ್ಯ ಆಯಿತು. ಆದರೆ ಅದರ ಬೇರು ಮಾತ್ರ ಕಂಪನಿಯಲ್ಲೇ ಇತ್ತು. ಕಾರಂತರ ಹಾಡನ್ನು ಜಯಶ್ರೀ ಹಾಡುವಾಗ ಕೇಳಿ ನೋಡಿ. ತಾತ ಕಾಶಿಗೆ ಕಳಿಸಿದ ಹುಡುಗ ಏನು ಕಲಿತು ತಂದನೋ ಅದು ತಿರುಗಿ ಮೊಮ್ಮಗಳ ಗಂಟಲಿಗೇ ಬಂದು ಸೇರಿದೆ. ಇದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1976ರಲ್ಲಿ ಅವರ "ಸ್ಪಂದನ" ತಂಡ ಶುರುವಾಯಿತು. ಒಬ್ಬ ಹೆಣ್ಣುಮಗಳು ತಂಡ ನಡೆಸೋದು ಅಂದರೆ ಏನು ಅಂತ ನಾಟಕದವರಿಗೆ ಗೊತ್ತು. ಹಾಲ್ ಬುಕ್ ಮಾಡೋದು, ಲೈಟಿನವರಿಗೆ ದುಡ್ಡು ಹೊಂದಿಸೋದು, ತಾಲೀಮಿಗೆ ಬಾರದ ಹುಡುಗರನ್ನು ಮನೆ ಬಾಗಿಲಿಗೆ ಹೋಗಿ ಕರೆತರೋದು, ಎಲ್ಲ ಮುಗಿದ ಮೇಲೆ ತಾನೂ ಬಣ್ಣ ಹಚ್ಚಿಕೊಂಡು ನಿಲ್ಲೋದು. "ಲಕ್ಷಾಪತಿ ರಾಜನ ಕಥೆ" ಆ ತಂಡದ ಹೆಸರಾದ ನಾಟಕ. ಚಂದ್ರಶೇಖರ ಕಂಬಾರರ ಕಾದಂಬರಿ "ಕರಿಮಾಯಿ"ಯನ್ನು ರಂಗಕ್ಕೆ ತಂದದ್ದೂ ಅವರೇ. ಕಂಬಾರರ ಉತ್ತರ ಕರ್ನಾಟಕದ ಮಾತು, ಅದರ ಹಾಡಿನ ಗತ್ತು ಬೇರೆ. ಗುಬ್ಬಿಯ ಮಗಳ ಬಾಯಲ್ಲಿ ಅದು ಕೇಳೋದಕ್ಕೆ ಎಷ್ಟು ಸಹಜವಾಗಿತ್ತು ಅಂದರೆ, ಬೆಳಗಾವಿ ಕಡೆಯ ನನ್ನ ಗೆಳತಿಯೊಬ್ಬಳು "ಇವರು ನಮ್ಮ ಕಡೆಯವರಾ?" ಅಂತ ಕೇಳಿದ್ದಳು.

ಇನ್ನು ಸದಾರಮೆಯ ಕಳ್ಳ. ಈ ಪಾತ್ರ ವೀರಣ್ಣನವರದ್ದು. ಅವರು ದೊಡ್ಡ ಹಾಸ್ಯ ನಟ, ಸದಾರಮೆಯ ಕಳ್ಳ ಅಂದರೆ ವೀರಣ್ಣ ಅನ್ನೋ ಹಾಗಿತ್ತು. 1935ರಲ್ಲಿ ಸದಾರಮೆ ಸಿನಿಮಾ ಆದಾಗಲೂ ಅದರಲ್ಲಿ ಅವರಿದ್ದರು. ಅಂಥ ಪಾತ್ರವನ್ನು ಮೊಮ್ಮಗಳು ಎತ್ತಿಕೊಂಡಳು. ವಂಶದಲ್ಲಿ ಗಂಡುಮಕ್ಕಳಿಗೆ ಬರುವ ಪಾತ್ರವನ್ನು ಹೆಣ್ಣುಮಗಳು ತೆಗೆದುಕೊಂಡಳು ಅನ್ನೋದು ಒಂದು. ಅದಕ್ಕಿಂತ ನನಗೆ ದೊಡ್ಡದು ಅನ್ನಿಸೋದು ಇನ್ನೊಂದು. ಕನ್ನಡ ರಂಗದ ಮೇಲೆ ಎಷ್ಟೋ ವರ್ಷ ಗಂಡಸರು ಹೆಣ್ಣಿನ ದನಿ ತೆಗೆದು ಹಾಡಿದ್ದರು. ಅದಕ್ಕೆ ಜನ ತಲೆದೂಗಿದ್ದರು, ಅದೊಂದು ವಿದ್ಯೆ ಅಂತ ಹೊಗಳಿದ್ದರು. ಹೆಣ್ಣೊಬ್ಬಳು ಗಂಡಿನ ದನಿಯಲ್ಲಿ ಹಾಡಿದರೆ ಅದೂ ವಿದ್ಯೆಯೇ ಅಲ್ವಾ? ಗುಂಪಿನಿಂದ ಹೊರಗೆ ಹಾಕಿಸಿಕೊಂಡ ಹನ್ನೆರಡು ವರ್ಷದ ಹುಡುಗಿಗೆ ಅದು ಕಾಣಿಸಿದ್ದು ಆವತ್ತು. ಯಾವುದನ್ನು ನನ್ನ ಊನ ಅಂದಿದ್ದರೋ ಅದನ್ನೇ ಇಟ್ಟುಕೊಂಡು ಅಲ್ಲೊಬ್ಬಳು ಸಾವಿರ ಜನರನ್ನು ನಗಿಸುತ್ತಿದ್ದಳು. ನಾಟಕ ಮುಗಿದು ಬಸ್ಸಿನಲ್ಲಿ ವಾಪಸ್ ಬರುವಾಗ ಕ್ಯಾತ್ಸಂದ್ರದವರೆಗೂ ನಾನು ಕಳ್ಳನ ಹಾಡು ಗುನುಗುತ್ತಲೇ ಇದ್ದೆ, ದೊಡ್ಡಪ್ಪ ತೊಡೆಯ ಮೇಲೆ ತಾಳ ಹಾಕುತ್ತಾ ಇದ್ದರು.

ನಾಟಕದಿಂದ ಹೊಟ್ಟೆ ತುಂಬೋದು ಕಷ್ಟ. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಕಂಪನಿ ಕಾಲದಲ್ಲಿ ಸಂಬಳ ಅಂತ ಒಂದಿತ್ತು, ಕಂಪನಿ ಮನೆಯಲ್ಲಿ ಊಟ ಇತ್ತು, ಕಲೆಕ್ಷನ್ ಬಿದ್ದಾಗ ಎರಡೂ ಕಷ್ಟ ಆಗುತ್ತಿತ್ತು. ಹವ್ಯಾಸಿ ರಂಗಕ್ಕೆ ಬಂದರೆ ಅದೂ ಇಲ್ಲ. ಎಲ್ಲರೂ ಹಗಲು ಇನ್ನೊಂದು ಕೆಲಸ ಮಾಡಿ ಸಂಜೆ ತಾಲೀಮಿಗೆ ಬರುವವರು. ಜಯಶ್ರೀ ಅವರ ಹಗಲಿನ ಕೆಲಸಗಳಲ್ಲಿ ಒಂದು ಡಬ್ಬಿಂಗ್. ಮಾಧವಿ, ಅಂಬಿಕಾ ಇಂಥ ದೊಡ್ಡ ನಾಯಕಿಯರು ಕನ್ನಡದ ತೆರೆಯ ಮೇಲೆ ಮಾತಾಡಿದ್ದು ಇವರ ದನಿಯಲ್ಲಿ. ನಾವು ಚಿಕ್ಕವರಿದ್ದಾಗ ಭಾನುವಾರ ಸಂಜೆ ಟಿ.ವಿ. ಮುಂದೆ ಕೂತು ನೋಡಿದ ಎಷ್ಟು ಸಿನಿಮಾಗಳಲ್ಲಿ ಅವರ ದನಿ ಕೇಳಿದ್ದೇವೋ, ಗೊತ್ತೇ ಇರಲಿಲ್ಲ.

ಇದನ್ನು ಕೆಲವರು "ಹೊಟ್ಟೆಪಾಡಿಗೆ ಮಾಡಿದ್ದು" ಅಂತ ಬದಿಗೆ ಸರಿಸುತ್ತಾರೆ. ನಾನು ಒಪ್ಪೋದಿಲ್ಲ. ಡಬ್ಬಿಂಗ್ ಅಂದರೆ ಇನ್ನೊಬ್ಬಳ ತುಟಿಗೆ, ಇನ್ನೊಬ್ಬಳ ಉಸಿರಿಗೆ, ಇನ್ನೊಬ್ಬಳ ಕಣ್ಣೀರಿಗೆ ತನ್ನ ದನಿ ಕೊಡೋದು. ಕತ್ತಲೆ ಕೋಣೆಯಲ್ಲಿ ನಿಂತು, ಮೈ ಅಲ್ಲಾಡಿಸದೆ, ಬರೀ ದನಿಯಲ್ಲೇ ಓಡಬೇಕು, ಬೀಳಬೇಕು, ಅಳಬೇಕು. ಪಾತ್ರದ ದನಿಯಲ್ಲಿ ಹಾಡೋಕೆ ಬಂದವಳಿಗೆ ಮಾತ್ರ ಅದು ಅಷ್ಟು ಚೆನ್ನಾಗಿ ಬರುತ್ತದೆ. ನಾಟಕದ ವಿದ್ಯೆಯೇ ಅಲ್ಲಿ ಕೆಲಸ ಮಾಡಿದ್ದು. ನಮ್ಮಲ್ಲಿ ಡಬ್ಬಿಂಗ್ ಕಲಾವಿದರ ಹೆಸರು ಟೈಟಲ್ ಕಾರ್ಡಿನಲ್ಲಿ ಕಣ್ಣಿಗೆ ಕಾಣುವಂತೆ ಹಾಕಿದ್ದರೆ, ಜಯಶ್ರೀ ಮನೆ ಮನೆಗೂ ಬಹಳ ಮೊದಲೇ ಗೊತ್ತಾಗುತ್ತಿದ್ದರು.

ತೆರೆಯ ಮೇಲೆ ಅವರನ್ನು ನೋಡಬೇಕು ಅಂದರೆ ನಾನು ಎಲ್ಲರಿಗೂ ಹೇಳೋದು 1997ರ "ನಾಗಮಂಡಲ". ಗಿರೀಶ ಕಾರ್ನಾಡರ ನಾಟಕ, ನಾಗಾಭರಣ ನಿರ್ದೇಶನ, ಸಿ. ಅಶ್ವತ್ಥ್ ಸಂಗೀತ. ಅದರಲ್ಲಿ ಜಯಶ್ರೀ ಕುರುಡವ್ವ. ಕಣ್ಣಿಲ್ಲದ ಪಾತ್ರಕ್ಕೆ ದನಿಯೇ ಕಣ್ಣು. ಅವಳು ಮಾತಾಡುವಾಗ ಪ್ರತಿ ಮಾತೂ ಎದುರಿನವರನ್ನು ತಡವಿ ನೋಡುತ್ತದೆ. ಹಾಡಲ್ಲದ ಜಾಗದಲ್ಲೂ ಆ ಮಾತಿಗೆ ಒಂದು ಲಯ ಇದೆ. ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು, ಸ್ಕ್ರೀನ್ ಆಫ್ ಮಾಡಿ, ಬರೀ ಅವರ ಮಾತು ಕೇಳಿ. ನಾನು ಹಾಗೆ ಎಷ್ಟೋ ಸಲ ಕೇಳಿದ್ದೇನೆ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ, 2013ರಲ್ಲಿ ಪದ್ಮಶ್ರೀ. ಮೈಸೂರಿನ ರಂಗಾಯಣಕ್ಕೆ ನಿರ್ದೇಶಕಿಯಾಗಿದ್ದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣ ಆದರು. ತಾತನಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಮೊಮ್ಮಗಳಿಗೆ ಬಂದದ್ದು ಅದಾಗಿ ನಲವತ್ತೊಂದು ವರ್ಷ ಆದ ಮೇಲೆ. ಅವರು ರಾಜ್ಯಸಭೆಗೆ ಹೋದ ಸುದ್ದಿ ಪೇಪರಿನಲ್ಲಿ ಬಂದ ದಿನ ದೊಡ್ಡಪ್ಪ ಆ ಪುಟ ಕತ್ತರಿಸಿ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರು. ಅದು ಇನ್ನೂ ಅಲ್ಲಿದೆ, ಅಂಚೆಲ್ಲ ಹಳದಿ ಆಗಿದೆ.

ನನ್ನನ್ನು ಕಾಡುವ ವಿಷಯ ಒಂದಿದೆ. ರಂಗಗೀತೆಗಳು ಪುಸ್ತಕದಲ್ಲಿ ಸಿಗುತ್ತವೆ. ಸಾಹಿತ್ಯ ಇರುತ್ತದೆ, ಮೇಲೆ ರಾಗದ ಹೆಸರು, ತಾಳದ ಹೆಸರು ಇರುತ್ತದೆ. ಅಷ್ಟೇ. ಹಾಡು ಯಾವ ಮಾತಿನಿಂದ ಎದ್ದಿತು, ಯಾವ ಸಾಲಿನಲ್ಲಿ ನಟಿ ತಿರುಗಿದಳು, ಯಾವ ಅಕ್ಷರದ ಮೇಲೆ ಜನ ನಕ್ಕರು, ಇದು ಯಾವುದೂ ಕಾಗದದ ಮೇಲೆ ಇಲ್ಲ. ಅದು ಹಾಡಿದವರ ಮೈಯಲ್ಲಿ ಇರುತ್ತದೆ. ಹಾರ್ಮೋನಿಯಂ ಮೇಲೆ ಕೈಯಿಟ್ಟು ನೂರಾರು ಹಳೆಯ ಮಟ್ಟುಗಳನ್ನು ನೆನಪಿನಿಂದ ನುಡಿಸಿ ಉಳಿಸಿದ ಆರ್. ಪರಮಶಿವನ್ ಅವರಂಥವರು ಇದ್ದರು. ಹಾಡಿನ ಆಟ ಉಳಿಯಬೇಕು ಅಂದರೆ ಜಯಶ್ರೀ ಅವರಂಥವರ ಎದುರು ಕೂತು ಕಲಿಯಬೇಕು. ಈಗ ರಿಯಾಲಿಟಿ ಶೋಗಳಲ್ಲಿ ಮಕ್ಕಳು ರಂಗಗೀತೆ ಹಾಡುತ್ತಾರೆ, ನನಗೆ ಸಂತೋಷವೇ. ಆದರೆ ಮೈಕ್ ಹಿಡಿದು ನಿಂತಲ್ಲೇ ನಿಂತು, ಎಲ್ಲರೂ ಒಂದೇ ಥರದ ಇಂಪಾದ ದನಿಯಲ್ಲಿ ಹಾಡಿದಾಗ, ಕಳ್ಳನ ಹಾಡೂ ರಾಣಿಯ ಹಾಡೂ ಒಂದೇ ಆಗಿಬಿಡುತ್ತದೆ. ಕಲಿಸುವವರಿಗೆ ನನ್ನದೊಂದು ಕೋರಿಕೆ. ಹಾಡಿನ ಹಿಂದಿನ ನಾಲ್ಕು ಮಾತನ್ನೂ ಸೇರಿಸಿ ಕಲಿಸಿ. ಮಗು ನಾಲ್ಕು ಹೆಜ್ಜೆ ನಡೆದು ಬಂದು ಆ ಮಾತು ಹೇಳಿ ಆಮೇಲೆ ಹಾಡಲಿ. ದಪ್ಪ ದನಿಯ ಮಗು ಬಂದರೆ ದಯವಿಟ್ಟು ಶ್ರುತಿ ಇಳಿಸಿ.

ನಾನು ಹಾಡುಗಾರ್ತಿ ಆಗಲಿಲ್ಲ. ಆಫೀಸಿನ ಕೆಲಸ, ಮನೆ, ಮಕ್ಕಳು. ಆದರೆ ಹದಿನೈದು ವರ್ಷದಿಂದ ಒಂದು ಹವ್ಯಾಸಿ ತಂಡದಲ್ಲಿ ಮೇಳದ ಸಾಲಿನಲ್ಲಿ ನಿಂತು ಹಾಡುತ್ತಿದ್ದೇನೆ. ಮುದುಕಿಯರು, ಮಾಟಗಾತಿಯರು, ಊರ ಯಜಮಾನಿಯರು, ಒಂದು ಸಲ ಒಬ್ಬ ಪೊಲೀಸು, ಇವೆಲ್ಲ ನನ್ನ ಪಾಲಿಗೆ ಬಂದ ಪಾತ್ರಗಳು. ಪ್ರತಿ ಸಲ ರಂಗಕ್ಕೆ ಹೋಗುವ ಮುಂಚೆ ವಿಂಗ್‌ನಲ್ಲಿ ನಿಂತು ಆ ಕಳ್ಳನ ಮೊದಲ ಕೂಗನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಳ್ಳುತ್ತೇನೆ.

ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು. ಪೆಟ್ಟಿಗೆ ಮತ್ತು ಅವರ ಪದ್ಯದ ಪುಸ್ತಕ ನನ್ನ ಹತ್ತಿರ ಇದೆ. ಪುಸ್ತಕದಲ್ಲಿ ಪ್ರತಿ ಪದ್ಯದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಹೆಸರು, ಒಂದು ಅಂಕಿ. ಯಾರ ಗಂಟಲಿಗೆ ಎಷ್ಟು ಮನೆ ಅಂತ. ಹಳೆಯ ಹೆಸರು ಅಳಿಸಿ ಹೊಸ ಹೆಸರು, ಅದನ್ನೂ ಅಳಿಸಿ ಇನ್ನೊಂದು. ಕೆಲವು ಕಡೆ ಕಾಗದವೇ ತೆಳ್ಳಗಾಗಿದೆ.

ಈ ವರ್ಷ ನಮ್ಮೂರಿನಲ್ಲಿ ಮತ್ತೆ ಕುರುಕ್ಷೇತ್ರ ಆಡುತ್ತಾರೆ. ಹೆಣ್ಣು ಪಾತ್ರಗಳಿಗೆ ಯಾವಾಗಲೂ ಹೊರಗಿನಿಂದ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುವುದು ವಾಡಿಕೆ. ಊರ ಹೆಣ್ಣುಮಕ್ಕಳು ಬಣ್ಣ ಹಚ್ಚಿದ್ದಿಲ್ಲ. ಹೋದ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಕ್ಕಾ, ಕುಂತಿ ಪಾತ್ರ ನೀನೇ ಮಾಡ್ತೀಯಾ? ಎಲ್ಲರೂ ಒಪ್ಪವ್ರೆ" ಅಂದ. ಕರ್ಣನ ಹತ್ತಿರ ಬಂದು ಬೇಡುವ ಕುಂತಿ. ಪದ್ಯ ತೆಗೆದು ನೋಡಿದೆ. ಪಕ್ಕದಲ್ಲಿ ಯಾರದೋ ಹೆಸರು, ಐದೂವರೆ ಅಂತ ಇತ್ತು. ಅದರ ಕೆಳಗೆ ಪೆನ್ಸಿಲ್ ತೆಗೆದುಕೊಂಡು ನನ್ನ ಹೆಸರು ಬರೆದು, ಮೂರು ಅಂತ ಹಾಕಿದ್ದೇನೆ. ಹೊಸ ಮೇಷ್ಟ್ರಿಗೆ ಫೋನಿನಲ್ಲೇ ಹೇಳಿದೆ, ಅವರು "ಆಯ್ತಮ್ಮ, ಮೂರಕ್ಕೇ ಇಡೋಣ" ಅಂದರು. ಭಾನುವಾರ ರಾತ್ರಿಯಿಂದ ತಾಲೀಮು.